ರಿಜಿಸ್ಟರ್ ಮದುವೆಗೆ ಅರ್ಜಿ ಎಲ್ಲಿ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವ, ಹುಡುಗಿ ಬೆಳಗಾವಿಯವಳು. ಧರ್ಮ ಬೇರೆ. ಅರ್ಜಿ ಎಲ್ಲಿ ಹಾಕಬೇಕು?

ಉತ್ತರ: ನಿಮ್ಮದು 1954ರ ವಿಶೇಷ ವಿವಾಹ ಕಾಯ್ದೆಯಡಿ ಬರುತ್ತದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ಮದುವೆಯಾಗುವ ನೋಟಿಸ್ ಕೊಡಿ, ಅದೇ ನಿಮ್ಮ ಅರ್ಜಿ. ಬಾಗಲಕೋಟೆಯಲ್ಲಿ ಕೊಟ್ಟರೂ ಅದರ ಪ್ರತಿ ಬೆಳಗಾವಿಗೆ ಹೋಗಿ ಅಲ್ಲಿನ ಕಚೇರಿಯಲ್ಲೂ ಅಂಟಿಸುತ್ತಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲವಾದರೆ ಇದು ನೆನಪಿರಲಿ. ಪ್ರಕಟವಾಗಿ 30 ದಿನ ಕಳೆದ ಮೇಲೆ, ತಕರಾರಿಲ್ಲದಿದ್ದರೆ, ಮೂವರು ಸಾಕ್ಷಿಗಳೆದುರು ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿದರೆ ಹೊಸ ನೋಟಿಸ್ ಬೇಕು.

ಆಧಾರ್‌ನಲ್ಲಿ ‘ಬಸವರಾಜ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸಪ್ಪ’ ಎಂದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲು ಹೆಸರು ಸರಿಪಡಿಸಿಕೊಳ್ಳಿ. ಹಿರಿಯರು ಒಪ್ಪಿಲ್ಲ ಎಂಬುದು ಕಾನೂನಿನ ತಕರಾರೇ ಅಲ್ಲ, ಹೆದರಬೇಡಿ. ವಯಸ್ಸು (ವರ 21, ವಧು 18), ಮೊದಲಿನ ಮದುವೆ, ನಿಷಿದ್ಧ ರಕ್ತಸಂಬಂಧ, ಮಾನಸಿಕ ಸಾಮರ್ಥ್ಯ ಇವಷ್ಟೇ ಅಧಿಕಾರಿ ವಿಚಾರಿಸುವ ಆಧಾರಗಳು.