ಸಮುದ್ರತಳದ ನಕ್ಷೆ ನೋಡಿ ಅಂಟಾರ್ಕ್ಟಿಕಾದ ಹಿಮ ಯಾವಾಗ ಹಿಂದೆ ಸರಿಯಿತು ಅಂತ ಹೇಳಬಹುದಾ? ಯಾವ ಸಾಫ್ಟ್‌ವೇರ್ ಒಳ್ಳೇದು?

ನಾನೂ ಇದೇ ಪ್ರಶ್ನೆ ಹಿಡಿದು ಅಲೆದವನು. ನಕ್ಷೆಯೊಂದರಿಂದಲೇ ಆಗಲ್ಲ. ಸಾಫ್ಟ್‌ವೇರ್ ನಿಮ್ಮ ಸಮಸ್ಯೆಯೇ ಅಲ್ಲ, ಪುಕ್ಕಟೆ ಸಿಗೋ ಎಂಬಿ-ಸಿಸ್ಟಮ್ ಸಾಕು. ದಕ್ಷಿಣ ಮಹಾಸಾಗರದ ತಳದ ಸಿದ್ಧ ನಕ್ಷೆಯಾದ ಐಬಿಸಿಎಸ್‌ಒ ಗ್ರಿಡ್ ಬಿಟ್ಟುಬಿಡಿ. 500 ಮೀಟರ್ ಚೌಕದಲ್ಲಿ ದೊಡ್ಡ ಕಣಿವೆಗಳು ಕಾಣ್ತವೆ, ಹಿಮದ ಗೀರು ಕಾಣಲ್ಲ. ಹಡಗು ಶಬ್ದದ ಹಲವು ಕಿರಣ ಬಿಟ್ಟು ಆಳ ಅಳೆದ ಮೂಲ ಮಲ್ಟಿಬೀಮ್ ಡೇಟಾ ಇಳಿಸಿಕೊಳ್ಳಿ.

ರಾಸ್ ಸಮುದ್ರದಲ್ಲೋ ಪೈನ್ ಐಲ್ಯಾಂಡ್ ಕೊಲ್ಲಿಯಲ್ಲೋ ಕಿಲೋಮೀಟರ್‌ಗಟ್ಟಲೆ ಒಂದೇ ದಿಕ್ಕಿಗೆ ಓಡೋ ಸಮಾನಾಂತರ ಗೀರುಗಳಿದ್ದರೆ ಅಲ್ಲಿ ಹಿಮ ವೇಗವಾಗಿ ಹರಿದಿದೆ. ಅಡ್ಡಕ್ಕೆ ಬಿದ್ದ ದಿಬ್ಬ, ಅಂದರೆ ಗ್ರೌಂಡಿಂಗ್ ಝೋನ್ ವೆಜ್, ಕಂಡರೆ ಹಿಂದೆ ಸರಿಯೋ ಹಿಮದ ಅಂಚು ಅಲ್ಲಿ ಕೊಂಚ ಕಾಲ ನಿಂತಿದೆ. ದಿಕ್ಕುದೆಸೆಯಿಲ್ಲದ ಗೀರು ತೇಲುವ ಹಿಮಬಂಡೆ ಉತ್ತದ್ದು. ಇಷ್ಟರಿಂದ ಸಿಗೋದು ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ. ಥ್ವೈಟ್ಸ್ ಹಿಮನದಿಯ ಮುಂದೆ ಸುಮಾರು 700 ಮೀಟರ್ ಆಳದಲ್ಲಿ ರಾನ್ ಎಂಬ ಮಾನವರಹಿತ ಜಲನೌಕೆ 2019ರಲ್ಲಿ ಹಿಮದ ಅಂಚು ತಳಕ್ಕೆ ಒತ್ತಿ ಬಿಟ್ಟ 160ಕ್ಕೂ ಹೆಚ್ಚು ಸಣ್ಣ ಏಣುಗಳನ್ನು ಗುರುತಿಸಿತು. ದಿನದ ಉಬ್ಬರವಿಳಿತಕ್ಕೆ ಒಂದೊಂದು ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ 2 ಕಿಲೋಮೀಟರ್ ಮೀರಿದ ಹಿಂಸರಿತ. ವೇಗ ಸಿಕ್ಕಿತು, ಇಸವಿ ಸಿಗಲಿಲ್ಲ. (ಹಡಗಿನ 1 ಡಿಗ್ರಿ ಬೀಮ್ 600 ಮೀಟರ್ ಆಳದಲ್ಲೇ 10 ಮೀಟರ್ ಹರಡುತ್ತೆ, ಅದಕ್ಕೆ ಈ ಏಣುಗಳು ಕಾಣೋದೂ ಇಲ್ಲ.)

ಇಸವಿಗೆ ಕೋರ್, ಅಂದರೆ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ, ಬೇಕು. ದುಬಾರಿ ತಪ್ಪು ಆಗೋದು ಇಲ್ಲೇ: ಚಂದದ ಗೀರು ಕಂಡಲ್ಲಿ ಕೋರ್ ಇಳಿಸೋದು. ಜಾಗ ಆರಿಸಬೇಕಾದ್ದು ಶಬ್ದ ಕಳಿಸಿ ತಳದಡಿಯ ಪದರ ತೋರಿಸೋ ಸಬ್‌ಬಾಟಮ್ ಪ್ರೊಫೈಲರ್ ನೋಡಿ. ಹಿಮದಡಿ ಅರೆದು ಕೂತ ಗಟ್ಟಿ ಟಿಲ್, ಅದರ ಮೇಲೆ ಹಿಮ ಹೋದಮೇಲೆ ಕೂತ ಮೆತ್ತನೆ ಕೆಸರು. ಆ ಕೆಸರಿಗೆ ಶಬ್ದ ಹೋಗಿಬರಲು 4 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿಗೆ 1500 ಮೀಟರ್ ಲೆಕ್ಕದಲ್ಲಿ ದಪ್ಪ 3 ಮೀಟರ್. ತನ್ನ ಭಾರಕ್ಕೇ ಕೆಸರಿಗೆ ಇಳಿಯೋ ಗ್ರಾವಿಟಿ ಕೋರರ್‌ಗೆ ಎಟುಕುತ್ತೆ. 20 ಮಿಲಿಸೆಕೆಂಡ್ ಅಂದರೆ 15 ಮೀಟರ್, ಟಿಲ್ ಮುಟ್ಟಲ್ಲ. ಆಗ ಕೈಗೆ ಬರೋದು ಕೆಸರಿನ ನಡುವಿನ ಯಾವುದೋ ವಯಸ್ಸು, ಹಿಮ ಹೋದದ್ದಲ್ಲ. ಹಿಮಬಂಡೆ ಉತ್ತ ಜಾಗವೂ ಬೇಡ, ಅಲ್ಲಿ ಹಳೇದು ಹೊಸದು ಕಲಸಿಹೋಗಿರುತ್ತೆ.

ವಯಸ್ಸು ಅಳೆಯೋ ರೇಡಿಯೋಕಾರ್ಬನ್ ಪರೀಕ್ಷೆ‌ಗೆ ಟಿಲ್‌ನ ನೆತ್ತಿಗೆ ತಾಗಿದ ಪದರದಿಂದ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಸಮುದ್ರಜೀವಿಯ ಚಿಪ್ಪು ಹೆಕ್ಕಿ ಕೊಡಿ. ಇಡೀ ಕೆಸರಿನ ಸಾವಯವ ಇಂಗಾಲ ಕೊಟ್ಟರೆ ಹಿಮ ಕೆರೆದು ತಂದ ಪುರಾತನ ಇಂಗಾಲವೂ ಸೇರಿ ವಯಸ್ಸು ಸಾವಿರಾರು ವರ್ಷ ಏರುತ್ತೆ. ಚಿಪ್ಪಿನ ವಯಸ್ಸಿನಿಂದಲೂ ಅಲ್ಲಿನ ನೀರಲ್ಲಿ ಮೊದಲೇ ಇರೋ ಹಳೇ ಇಂಗಾಲದ ಲೆಕ್ಕಕ್ಕೆ ಸುಮಾರು 1100ರಿಂದ 1300 ವರ್ಷ ಕಳೆಯಬೇಕು. ಕೊನೆಗೆ ಸಿಕ್ಕಿದ್ದು ಕನಿಷ್ಠ ವಯಸ್ಸು. ಹಿಮ ಅದಕ್ಕಿಂತ ಮುಂಚೆಯೇ ಜಾಗ ಬಿಟ್ಟಿದೆ.