ಅತ್ತೆಯೇ ‘ಇನ್ನೊಂದು ಮದುವೆ ಆಗು’ ಅಂತಿದ್ದಾರೆ

ಪ್ರಶ್ನೆ: ನನಗೆ 38 ವರ್ಷ. ಲಿಂಗರಾಜಪುರದಲ್ಲಿ ಅತ್ತೆ ಮತ್ತು ಮಗಳ ಜೊತೆ ಇದ್ದೇನೆ. ಮೂರು ವರ್ಷದ ಹಿಂದೆ ಯಜಮಾನರು ಬೈಕ್ ಅಪಘಾತದಲ್ಲಿ ಹೋದರು. ಚರ್ಚಿನ ಸಭೆಯವರೆಲ್ಲ ‘ದೇವರ ಚಿತ್ತ, ನಂಬಿಕೆ ಇಡಿ’ ಅಂದರು. ಅಂದಿನಿಂದ ಪ್ರಾರ್ಥನೆಗೆ ಬಾಯೇ ಬರುತ್ತಿಲ್ಲ. ಈಗ ಪರಿಚಯದವರೊಬ್ಬರು ಮದುವೆಗೆ ಕೇಳಿದ್ದಾರೆ, ನನಗೂ ಇಷ್ಟ. ಅತ್ತೆಯೇ ‘ಆಗು’ ಅನ್ನುತ್ತಾರೆ. ಆದರೆ ಬಾಗಿಲ ಹಿಂದಿನ ಮೊಳೆಯಲ್ಲಿ ಯಜಮಾನರ ಹಳೇ ಹೆಲ್ಮೆಟ್ ಹಾಗೇ ಇದೆ, ಅತ್ತೆ ಪ್ರತಿ ಶನಿವಾರ ಒರೆಸುತ್ತಾರೆ. ಅದನ್ನು ನೋಡಿದರೆ ದ್ರೋಹ ಮಾಡುತ್ತಿದ್ದೇನೆ ಅನ್ನಿಸುತ್ತದೆ. ತೆಗೆದುಬಿಡಲಾ? ದೇವರ ಮೇಲೆ ಕೋಪ ಇಟ್ಟುಕೊಂಡು ಹೊಸ ಬದುಕು ಕೇಳೋದು ಸರಿನಾ?

ಉತ್ತರ: ಮೊದಲು ಆ ‘ದೇವರ ಚಿತ್ತ’ದ ವಿಷಯ. ಸಾವಿನ ಮನೆಯಲ್ಲಿ ಏನು ಹೇಳೋದು ಅಂತ ತೋಚದೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ, ನಾನೂ ಹೇಳಿದ್ದೇನೆ, ಆಮೇಲೆ ನಾಚಿಕೆಪಟ್ಟಿದ್ದೇನೆ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಸುಮ್ನೆ ಪಕ್ಕದಲ್ಲಿ ಕೂತಿದ್ದರಲ್ಲ, ಅಷ್ಟು ದಿನ ಚೆನ್ನಾಗಿಯೇ ಇತ್ತು. ಬಾಯಿ ಬಿಟ್ಟ ಮೇಲೆಯೇ ಕೆಟ್ಟಿದ್ದು.

ಕೋಪ ಬಂದರೆ ನಂಬಿಕೆ ಹೋಯಿತು ಅಂತ ಯಾರು ಹೇಳಿದರು? ಬೈಬಲಿನ ರೂತಳ ಪುಸ್ತಕ ಮತ್ತೆ ಓದಿ. ನಾಲ್ಕೇ ಅಧ್ಯಾಯ, ಬಸ್ಸು ಶಿವಾಜಿನಗರ ತಲುಪುವಷ್ಟರಲ್ಲಿ ಮುಗಿಯುತ್ತದೆ. ರೂತಳನ್ನು ಹೊಗಳುವ ಭರದಲ್ಲಿ ನಾವು ಅವಳ ಅತ್ತೆ ನೊವೊಮಿಯನ್ನು ಮರೆತುಬಿಡುತ್ತೇವೆ. ಪರದೇಶವಾದ ಮೋವಾಬಿನಲ್ಲಿ ಅವಳ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು, ಅವರಲ್ಲೊಬ್ಬ ರೂತಳ ಗಂಡ ಮಹ್ಲೋನ. ಸೊಸೆ ರೂತಳ ಜೊತೆ ತನ್ನೂರು ಬೇತ್ಲೆಹೇಮಿಗೆ ವಾಪಸ್ ಬಂದಾಗ ಊರ ಹೆಂಗಸರು ಇವಳು ನೊವೊಮಿ ಅಲ್ವಾ ಅಂದರೆ, ಹಾಗೆ ಕರೀಬೇಡಿ, ಮಾರಾ ಅನ್ನಿ ಅನ್ನುತ್ತಾಳೆ. ಮಾರಾ ಅಂದರೆ ಕಹಿ. ತುಂಬಿಕೊಂಡು ಹೋದೆ, ದೇವರು ಬರಿಗೈಯಲ್ಲಿ ಕರೆತಂದ ಅಂತ ಎಲ್ಲರೆದುರೇ ದೂರುತ್ತಾಳೆ. ಅದಕ್ಕೆ ದೇವರು ಬೈದದ್ದು ಎಲ್ಲೂ ಇಲ್ಲ. ಆ ಅಧ್ಯಾಯದ ಕೊನೆಗೆ ಬರೋದು ಜವೆಗೋಧಿ ಕೊಯ್ಲು ಶುರುವಾದ ಸುದ್ದಿ, ಅಷ್ಟೇ. ರೂತಳು ಹಕ್ಕಲಾಯಲು ಹೋಗುತ್ತಾಳೆ, ಕೊಯ್ದವರು ಬಿಟ್ಟ ತೆನೆ ಆರಿಸೋಕೆ. ದರ್ಶನ, ದೇವದೂತ ಏನೂ ಇಲ್ಲ, ಆವತ್ತಿನ ಊಟದ ಚಿಂತೆ. ಈ ಮೂರು ವರ್ಷ ನೀವು ಮಗಳ ಟಿಫಿನ್ ಡಬ್ಬಿ ಕಟ್ಟಿದ್ದನ್ನೂ ನಾನು ನಂಬಿಕೆಯ ಲೆಕ್ಕಕ್ಕೇ ಹಾಕುತ್ತೇನೆ.

ಮಾತು ಬರದಿದ್ದರೆ ಬೈಬಲಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ.

ಇನ್ನು ದ್ರೋಹ. ‘ಮರಣ ಅಗಲಿಸುವ ತನಕ’ ಅಂತ ತಾನೇ ಮಾತು ಕೊಟ್ಟಿದ್ದು? ಅದನ್ನು ನೀವು ಪೂರ್ತಿ ನಡೆಸಿದ್ದೀರಿ. ಗಂಡ ತೀರಿಕೊಂಡವಳು ತನಗೆ ಇಷ್ಟವಾದವರನ್ನು ಮದುವೆಯಾಗಬಹುದು, ಅವರು ಕರ್ತನನ್ನು ನಂಬಿದವರಾಗಿದ್ದರೆ ಸಾಕು ಅಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿದೆ. ರೂತಳು ಆಮೇಲೆ ಮದುವೆಯಾದ ಬೋವಜನ ದಾರಿ ತೋರಿಸಿದವಳೂ ಅತ್ತೆಯೇ. ನನಗೆ ಜಾಸ್ತಿ ಹಿಡಿಸೋದು ಬೋವಜನ ನಡವಳಿಕೆ: ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಕೂತು, ಸತ್ತ ಮಹ್ಲೋನನ ಹೆಸರು ಅಳಿಯಬಾರದು ಅಂತ ಬಾಯಿಬಿಟ್ಟು ಹೇಳುತ್ತಾನೆ. ನಿಮ್ಮನ್ನು ಕೇಳಿದವರ ಎದುರು ಯಜಮಾನರ ಹೆಸರು ಸಲೀಸಾಗಿ ಎತ್ತಬಹುದಾ, ಮಗಳು ಅಪ್ಪನ ಮಾತು ತೆಗೆದರೆ ಅವರ ಮುಖ ಹೇಗಾಗುತ್ತದೆ, ನೋಡಿ. ಸಮಾಧಿಗೆ ಹೂವು ಇಡಲು ಹೋಗುವಾಗ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ.

ಮಗಳಿಗೆ ಬೇಗ ಹೇಳಿ. ಆಲಯದಲ್ಲಿ ಮೂರು ಭಾನುವಾರ ಮದುವೆ ಪ್ರಕಟಣೆ ಓದುವಾಗ ಎಲ್ಲರ ತಲೆ ನಿಮ್ಮ ಬೆಂಚಿನ ಕಡೆ ತಿರುಗುತ್ತದೆ, ಅವಳಿಗೆ ಅಲ್ಲಿ ಗೊತ್ತಾಗಬಾರದು.

ಹೆಲ್ಮೆಟ್ ವಿಷಯ ನನ್ನನ್ನಲ್ಲ, ಅತ್ತೆಯನ್ನು ಕೇಳಿ. ಒರೆಸುತ್ತಿರುವವರು ಅವರು.