ಬಿಲ್ಲಿನಲ್ಲಿ ಉಳಿತಾಯ ₹742, ಕೈಯಲ್ಲಿ ಮಾತ್ರ ಏನೂ ಇಲ್ಲ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹೆಸರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಂಡತಿ ಸವಿತಾ, ಗಂಡ ಗಿರೀಶ್ ಅಂತ ಇಟ್ಟುಕೊಳ್ಳಿ. ಮೈಸೂರಿನವರು, ಇಬ್ಬರು ಮಕ್ಕಳು, ಬಾಡಿಗೆ ಮನೆ. ಸವಿತಾ ಮನೆಯಲ್ಲೇ ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಕೊಡುತ್ತಾರೆ. ಗಿರೀಶ್ ಇದ್ದ ಕಾರ್ಖಾನೆ ಮುಚ್ಚಿತು. ತಿಂಗಳಿಗೆ ₹31,000 ಬರುತ್ತಿತ್ತು, ಈಗ ಒಂದು ಗೋದಾಮಿನಲ್ಲಿ ₹19,000.

ಮೊದಲು ಬಂದದ್ದು ಸವಿತಾ ಒಬ್ಬರೇ. ಕೂತವರೇ, "ಮೇಡಂ, ನಮ್ಮ ಮನೇಲಿ ನಾನೇ ಕಳ್ಳಿ ಆಗಿದ್ದೀನಿ" ಅಂದರು. ಅಕ್ಕಿ ಡಬ್ಬದೊಳಗೆ ಅರ್ಧ ಲೀಟರ್ ನಂದಿನಿ ತುಪ್ಪ ಬಚ್ಚಿಟ್ಟಿದ್ದರಂತೆ. ದುಡ್ಡು ಅವರದ್ದೇ, ಕುಚ್ಚು ಕಟ್ಟಿ ಸಂಪಾದಿಸಿದ್ದು. ಆದರೂ ಗಂಡ ನೋಡಿದರೆ ಎಲ್ಲಿ ತಂದೆ, ಎಷ್ಟು ಕೊಟ್ಟೆ, ಮಾರ್ಟಿನಲ್ಲಿ ಆಫರ್ ಬರೋವರೆಗೆ ತಡೆಯೋಕೆ ಆಗಲಿಲ್ವಾ ಅಂತ ಶುರು ಮಾಡುತ್ತಾರೆ, ಅದು ರಾತ್ರಿ ಊಟದ ಹೊತ್ತಿಗೂ ಮುಗಿಯುವುದಿಲ್ಲ. ತಳ್ಳುಗಾಡಿಯವಳ ಹತ್ತಿರ ಒಂದು ಕಟ್ಟು ಕೊತ್ತಂಬರಿ ಕೊಂಡರೂ ಇದೇ ಕಥೆ.

ಸಂಬಳ ಇಳಿದ ಮೇಲೆ ಮನೆ ಸಾಮಾನು ತರುವ ಕೆಲಸವನ್ನು ಗಿರೀಶ್ ತಾವೇ ವಹಿಸಿಕೊಂಡಿದ್ದರು. ಪ್ರತಿ ಭಾನುವಾರ ಸ್ಕೂಟರ್ ಹತ್ತಿ ಊರಾಚೆಯ ರಿಯಾಯಿತಿ ಅಂಗಡಿಗೆ ಹೋಗುವುದು, ಎರಡು ಚೀಲ ತುಂಬಿಸಿಕೊಂಡು ಬರುವುದು. ಅಟ್ಟದ ಮೇಲೆ ಫಿನಾಯಿಲು, ಸೋಪು, ನೂಡಲ್ಸು. ಐದು ಕೆಜಿ ಚಿರೋಟಿ ರವೆಗೆ ಹುಳ ಬಿದ್ದಿತ್ತು. ಅದನ್ನು ಬಿಸಾಡಲು ಬಿಡದೆ ಬಿಸಿಲಿಗೆ ಹಾಕಿ ಜರಡಿ ಹಿಡಿಸಿದರಂತೆ. ಸವಿತಾ ಇದನ್ನು ಹೇಳುವಾಗ ಅರ್ಧ ನಗು, ಅರ್ಧ ಅಳು.

ಇಂಥ ಮಾತು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆಗಳು ಬೇರೆ. ನಿಮ್ಮ ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ? ಫೋನ್ ಕಿತ್ತುಕೊಳ್ಳುತ್ತಾರಾ? ತವರಿಗೆ ಹೋಗಲು ಬಿಡುತ್ತಾರಾ? ಔಷಧಿಗೆ, ಮಕ್ಕಳ ಫೀಸಿಗೆ ದುಡ್ಡು ಕೇಳಿದರೆ ಇಲ್ಲ ಅಂತಾರಾ? ಹೆದರಿಕೆ ಆಗುತ್ತಾ? ಯಾಕೆ ಕೇಳುತ್ತೇನೆ ಅಂದರೆ, ಮನೆ ಖರ್ಚಿಗೆ ದುಡ್ಡು ಕೊಡದೆ ಹೆಂಡತಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ದೌರ್ಜನ್ಯವೇ. ಅಂಥ ಮನೆಗೆ ಬಜೆಟ್ ಪಾಠ ಹೇಳಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಅಲ್ಲಿ ಹೇಳಬೇಕಾದ್ದು 181 ಮಹಿಳಾ ಸಹಾಯವಾಣಿಯ ಬಗ್ಗೆ. ಸವಿತಾ ಎಲ್ಲದಕ್ಕೂ ನೇರವಾಗಿ ಉತ್ತರ ಕೊಟ್ಟರು. ಅಂಥದ್ದೇನೂ ಇರಲಿಲ್ಲ. ಗಂಡನೂ ಬರಲಿ ಅಂದೆ. ಬರುವಾಗ ಮಾರ್ಟಿನ ಬಿಲ್ಲುಗಳು, ಫೋನಿನಲ್ಲಿ ದುಡ್ಡು ಕಳಿಸಿದ ಲೆಕ್ಕ, ಮೊದಲು ಸಾಮಾನು ತರುತ್ತಿದ್ದ ಶೆಟ್ಟರ ಅಂಗಡಿಯ ಸಾಲದ ಪುಸ್ತಕ, ಎಲ್ಲ ತನ್ನಿ ಅಂದೆ.

ಗಿರೀಶ್ ಬಿಲ್ಲುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಿಂಗಳುವಾರು ಜೋಡಿಸಿ ತಂದಿದ್ದರು. ಹಳೆಯ ಬಿಲ್ಲುಗಳ ಅಚ್ಚು ಪೂರ್ತಿ ಮಾಸಿತ್ತು, ಆ ನುಣುಪು ಕಾಗದದ ಹಣೆಬರಹ ನಿಮಗೂ ಗೊತ್ತಲ್ವಾ. ಏನು ಕೊಂಡರು, ಎಷ್ಟು ಕೊಟ್ಟರು, ಒಂದೂ ಕಾಣುವುದಿಲ್ಲ. ಆದರೆ ಪ್ರತಿಯೊಂದರ ಕೆಳಗೂ ಗಿರೀಶ್ ಕೆಂಪು ಪೆನ್ನಿನಲ್ಲಿ 'ಉಳಿತಾಯ' ಅಂತ ಬರೆದ ಅಂಕಿ ಮಾತ್ರ ಹಾಗೇ ಇತ್ತು: 742, 615, 830. "ನೋಡಿ ಮೇಡಂ, ಇಷ್ಟು ಉಳಿಸಿದ್ದೀನಿ, ಆದರೂ ಇವಳಿಗೆ ಸಮಾಧಾನ ಇಲ್ಲ" ಅಂದರು.

"ರೀ, ಹಾಗಾದ್ರೆ ಆ ದುಡ್ಡು ಎಲ್ಲಿದೆ?" ಅಂದರು ಸವಿತಾ. ಗಿರೀಶ್ ಸುಮ್ಮನಾದರು.

ಕೂತು ಲೆಕ್ಕ ಹಾಕಿದೆವು. ಶೆಟ್ಟರ ಪುಸ್ತಕದಲ್ಲಿ ತಿಂಗಳಿಗೆ ಹೆಚ್ಚು ಕಡಿಮೆ ₹5,600. ಈಗ ಮಾರ್ಟಿಗೆ ₹5,900, ನಡುವೆ ಮುಗಿದುಹೋಗಿ ಬೀದಿಯಲ್ಲೇ ತಂದದ್ದು ₹900, ಪೆಟ್ರೋಲ್ ₹300. ಒಟ್ಟು ₹7,100. ಬೆಲೆ ಏರಿದ್ದಕ್ಕೆ ಸ್ವಲ್ಪ ಬಿಟ್ಟುಕೊಡೋಣ, ಆದರೂ ಉಳಿತಾಯವಂತೂ ಆಗಿಲ್ಲ.

ಬಿಲ್ಲು ಸುಳ್ಳು ಹೇಳುತ್ತಿರಲಿಲ್ಲ. ಅದು ಎಂಆರ್‌ಪಿಯಿಂದ ಮಾರಿದ ಬೆಲೆ ಕಳೆದು 'ಉಳಿತಾಯ' ಅಂತ ತೋರಿಸುತ್ತದೆ, ಅಷ್ಟೇ. ಗಿರೀಶ್ ಕೆಂಪು ಪೆನ್ನಿನಲ್ಲಿ ಬರೆದುಕೊಂಡದ್ದು ಅದನ್ನೇ. ಎಂಆರ್‌ಪಿ ಅಂದರೆ ಇದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಗೆರೆ, ನೀವು ಕೊಡಲೇಬೇಕಿದ್ದ ದುಡ್ಡಲ್ಲ. ಶೆಟ್ಟರು ಬಿಡಿಯಾಗಿ ತೂಗಿ ಕೊಡುವ ಬೇಳೆ ಸಕ್ಕರೆಗೆ ಎಂಆರ್‌ಪಿಯೇ ಇಲ್ಲ. ಇನ್ನು, ಬೇಡದ ಜ್ಯೂಸಿಗೆ ₹40 ಕಡಿಮೆ ಕೊಟ್ಟರೆ ₹40 ಉಳಿಯಲಿಲ್ಲ, ಮಿಕ್ಕ ₹80 ಹೋಯಿತು. ಒಂದು ಕೊಂಡರೆ ಒಂದು ಉಚಿತ ಅನ್ನುವ ಬಿಸ್ಕತ್ತಿನ ಪೊಟ್ಟಣ ಮನೆಯಲ್ಲಿದ್ದರೆ ಮಕ್ಕಳು ಎರಡನ್ನೂ ಅದೇ ವಾರ ಮುಗಿಸುತ್ತಾರೆ.

ಹಾಗಂತ ಮಾರ್ಟು ಬಿಡಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಇಂಥ ಅಂಗಡಿಗಳು ರಾಶಿಗಟ್ಟಲೆ ಕೊಂಡು, ಬೇಗ ಮಾರಿ, ಥಳುಕು ಬಳುಕಿಗೆ ಜಾಸ್ತಿ ಸುರಿಯದೆ ನಡೆಸುವುದರಿಂದ ಎಷ್ಟೋ ಸಾಮಾನು ನಿಜವಾಗಿಯೂ ಅಗ್ಗ. ಇವರ ಲೆಕ್ಕದಲ್ಲೇ ಎಣ್ಣೆ, ಬಟ್ಟೆ ಸೋಪಿನ ಪುಡಿ, ಟೂತ್‌ಪೇಸ್ಟ್ ಶೆಟ್ಟರಿಗಿಂತ ಕಡಿಮೆಗೆ ಸಿಕ್ಕಿದ್ದವು. ಗಿರೀಶ್ ಹೇಳಿದ್ದರಲ್ಲಿ ಸತ್ಯ ಇತ್ತು. ಅದನ್ನು ಸವಿತಾ ಎದುರಿಗೇ ಹೇಳಿದೆ, ಹೇಳಲೇಬೇಕಿತ್ತು. ಯಾಕೆಂದರೆ ಸಂಬಳ ಇಳಿದವನಿಗೆ ವಾರಕ್ಕೊಮ್ಮೆ ಗೆದ್ದೆ ಅನ್ನಿಸುತ್ತಿದ್ದದ್ದು ಆ ಕೆಂಪು ಅಂಕಿಯಲ್ಲಿ ಮಾತ್ರ. ಹೆಂಡತಿ ಬೇರೆ ಕಡೆ ತುಪ್ಪ ತಂದರೆ ಆ ಗೆಲುವಿಗೇ ಕೈ ಹಾಕಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಇದನ್ನು ನಾನು ಊಹಿಸಿದ್ದಲ್ಲ. "ಇದನ್ನೂ ಬಿಟ್ಟರೆ ನಾನು ಮನೆಗೆ ಏನು ಮಾಡ್ತಿದ್ದೀನಿ ಹೇಳಿ" ಅಂತ ಅವರೇ ಕೇಳಿದರು.

ಕೊಟ್ಟ ಸಲಹೆ ಹೀಗಿತ್ತು. ಕೆಂಪು ಪೆನ್ನಿನಲ್ಲಿ ಇನ್ನು ಮೇಲೆ ಉಳಿತಾಯ ಬರೆಯುವುದು ಬೇಡ, ತಿಂಗಳ ಒಟ್ಟು ಖರ್ಚು ಬರೆಯಿರಿ. ಅದನ್ನು ಕ್ಯಾಲೆಂಡರಿನ ಮೇಲೆ, ಇಬ್ಬರಿಗೂ ಕಾಣುವ ಹಾಗೆ. ಮಾರ್ಟಿಗೆ ತಿಂಗಳಿಗೊಮ್ಮೆ ಹೋದರೆ ಸಾಕು, ಪಟ್ಟಿ ಇಬ್ಬರೂ ಸೇರಿ ಮಾಡಿ. ಕೆಡದ ಸಾಮಾನು ಅಲ್ಲಿಂದ ಬರಲಿ, ಬೇಳೆ ರವೆ ಒಂದು ತಿಂಗಳಿಗೆ ಆಗುವಷ್ಟೇ ಇರಲಿ. ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಅದು ಎಂಆರ್‌ಪಿಯ ಲೆಕ್ಕ. ನೀವು ಕೊಡುವ ಬೆಲೆಯನ್ನೂ ಹಾಗೇ ತೂಕಕ್ಕೆ ಭಾಗಿಸಿ ನೋಡಿ. ಎಣ್ಣೆ ಕೊಳ್ಳುವಾಗಂತೂ ಗ್ರಾಂ ನೋಡಲೇಬೇಕು. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ, ಅದೇ ಗಾತ್ರ ಕಾಣುವ ಕೆಲವು ಪ್ಯಾಕೆಟ್ಟಿನಲ್ಲಿ 850 ಗ್ರಾಂ ಇರುತ್ತದೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅಂತ ಅಂದುಕೊಳ್ಳಬೇಡಿ.

ತರಕಾರಿ, ಹಾಲು, ತುಪ್ಪ ಸವಿತಾ ಪಾಲಿಗೆ. ದೇವರಾಜ ಮಾರುಕಟ್ಟೆಗೆ ಸಿಟಿ ಬಸ್ಸಿನಲ್ಲಿ ಹೋಗಿ ಬರಲು ಅವರಿಗೆ ಕಾಸೂ ಖರ್ಚಿಲ್ಲ, ಶಕ್ತಿ ಯೋಜನೆ ಇದೆ. ಗಿರೀಶ್ ಸ್ಕೂಟರಿಗೆ ಪೆಟ್ರೋಲ್ ಬೇಕು. ಈ ಮಾತಿಗೆ ಗಿರೀಶ್‌ಗೂ ನಗು ಬಂತು. 2023ರ ಆಗಸ್ಟ್‌ನಲ್ಲಿ ನಮ್ಮ ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯ ₹2,000 ಸವಿತಾ ಖಾತೆಗೆ ಬಂದ ತಿಂಗಳು ಅದೂ ಮಾರ್ಟಿಗೇ ಹೋಗುತ್ತಿತ್ತು. ಅದನ್ನು ಏನು ಮಾಡಬೇಕು ಅಂತ ಸವಿತಾ ಹೇಳಲಿ ಅಂದೆ. ಇದರ ಜೊತೆಗೆ ಇಬ್ಬರಿಗೂ ತಿಂಗಳಿಗೆ ₹500, ಯಾರೂ ಯಾರನ್ನೂ ಲೆಕ್ಕ ಕೇಳಬಾರದು. ತುಪ್ಪವೋ, ಟೀ ಅಂಗಡಿಯೋ, ಅವರವರ ಇಷ್ಟ. ಲೆಕ್ಕದ ಮಾತು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ. ಊಟಕ್ಕೆ ಕೂತಾಗ, ಮಕ್ಕಳ ಎದುರಿಗೆ ಬೇಡ.

ಗಿರೀಶ್ ₹500ಕ್ಕೆ ತುಂಬಾ ಚೌಕಾಸಿ ಮಾಡಿದರು, ₹300ಕ್ಕೆ ಒಪ್ಪಿಗೆ ಆಯಿತು. ಮೊದಲ ತಿಂಗಳ ಒಟ್ಟು ₹6,350. ಎರಡನೇ ತಿಂಗಳು ಹಬ್ಬ ಬಂದು ಮತ್ತೆ ಏಳು ಸಾವಿರ ದಾಟಿತು, ಆದರೆ ಜಗಳ ಆಗಲಿಲ್ಲ ಅಂದರು ಸವಿತಾ. ತುಪ್ಪ ಈಗ ಒಲೆ ಪಕ್ಕದ ಗೂಡಿನಲ್ಲೇ ಇದೆಯಂತೆ.

ಬಗೆಹರಿಯದ್ದು ಒಂದಿದೆ. ಊರಿನಲ್ಲಿರುವ ಅಣ್ಣನಿಗೆ ಗಿರೀಶ್ ಇನ್ನೂ ಕಾರ್ಖಾನೆ ಮುಚ್ಚಿದ್ದನ್ನು ಹೇಳಿಲ್ಲ. ಅಣ್ಣನ ಮಗಳ ಮದುವೆ ಗೊತ್ತಾಗಿದೆ, ಹಳೆಯ ಸಂಬಳದ ಲೆಕ್ಕದಲ್ಲಿ ದುಡ್ಡು ಕೇಳಿದ್ದಾರೆ. ಈಗಲೇ ಹೇಳಿಬಿಡಿ ಅನ್ನುತ್ತಾರೆ ಸವಿತಾ, ಮದುವೆ ಆಗಲಿ ಅನ್ನುತ್ತಾರೆ ಗಿರೀಶ್. ಸಾಲ ಮಾಡಿ ಕೊಡುವ ಮುಂಚೆ ಒಮ್ಮೆ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.